ಪಂಗ್ತ್ಯಾಗ ಕುಂತ ಮಣ್ಣು

ಸುಳ್ಳ ಎಂಬ ಹಳ್ಳಿಯಲ್ಲಿ ನಮ್ಮ ದೊಡ್ಡವ್ವನ ಮನೆಯ ಹಿಂದೆ ಒಂದು ತುಂಡು ಎರೆಹೊಲ. ಹತ್ತಿ ಬೆಳೆಯುವ ಹೆಸರಿನಲ್ಲಿ ಅದಕ್ಕೆ ಎಷ್ಟು ಎಣ್ಣೆ ಹೊಡೆದಿದ್ದರೋ ದೇವರೇ ಬಲ್ಲ. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಅಂತಲೇ ಹೆಸರು. ಆ ಹೊಲದ ಹಕ್ಕರಕಿ ಸೊಪ್ಪು ಕಿತ್ತು ರೊಟ್ಟಿ ಜೊತೆ ಹಸಿಯಾಗಿ ತಿನ್ನುತ್ತಿದ್ದ ದೊಡ್ಡವ್ವ ಅದನ್ನು ಬಿಟ್ಟೇಬಿಟ್ಟಿದ್ದಳು. ನನಗೋ, ಅಂಥ ಹೊಲ ಸಿಕ್ಕಿತೆಂದು ಹಿಗ್ಗೋ ಹಿಗ್ಗು! ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಚಹಾ ಡಿಕಾಕ್ಷನ್ನಿನಿಂದ ತಯಾರಿಸಿದ ಕಬ್ಬಿಣದ ನ್ಯಾನೋ ಕಣಗಳು ಮಣ್ಣಿನ ವಿಷವನ್ನು ಒಡೆಯುತ್ತವೆ ಎಂದು ತೋರಿಸಬೇಕಿತ್ತು. ತೋರಿಸಿದರೆ ಪದವಿ, ಇಲ್ಲವಾದರೆ ಬರೀ ಚಹಾ.

ಇಡೀ ತುಂಡನ್ನು ಚೌಕ ಚೌಕ ಮಾಡಿ, ಅರ್ಧಕ್ಕೆ ಕರೀ ದ್ರಾವಣ ಸುರಿದೆ. ಉಳಿದರ್ಧ ಹಾಗೇ ಬಿಟ್ಟೆ.

“ಇವೇನ ಪಾಪ ಮಾಡ್ಯಾವ ಯವ್ವಾ?” ಹಾಗೇ ಬಿಟ್ಟ ಚೌಕಗಳನ್ನು ತೋರಿಸಿ ದೊಡ್ಡವ್ವ ಕೇಳಿದಳು.

“ಹೋಲಿಸಿ ನೋಡಾಕ ಬೇಕು ದೊಡ್ಡವ್ವಾ. ಇವಕ್ಕ ಏನೂ ಹಾಕಬಾರದು,” ಎಂದೆ, ಭಾರೀ ವಿಜ್ಞಾನಿಯ ಗತ್ತಿನಲ್ಲಿ. ಮಿಕ್ಕ ದ್ರಾವಣದ ಕ್ಯಾನನ್ನು ಅವಳ ಮನೆಯಲ್ಲೇ ಇಟ್ಟು ಬಂದೆ, ಜಾಣೆ!

ಸುಗ್ಗಿ ಹೊತ್ತಿಗೆ ಮಣ್ಣಿನ ಪರೀಕ್ಷೆಯಾಯಿತು. ವಿಷ ಇಳಿದಿತ್ತು. ಎಲ್ಲಾ ಚೌಕಗಳಲ್ಲೂ! ನನ್ನ ಗೈಡ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಏನೂ ಹಾಕದ ಚೌಕದಾಗೂ ವಿಷ ಹೋಗೇತಲ್ಲವಾ. ಮಳಿಗೆ ಹೋತೋ, ಬಿಸಲಿಗೆ ಹೋತೋ? ನಿನ್ನ ಕಬ್ಬಿಣ ಯಾತಕ್ಕ ಬೇಕು, ಹೇಳು?”

ಸೀದಾ ಸುಳ್ಳಕ್ಕೆ ಹೋದೆ. ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದಳು. ಕ್ಯಾನು ಖಾಲಿಯಾಗಿ ಬಿದ್ದಿತ್ತು.

“ಉಳಿದ ಚೌಕಕ್ಕ ನೀನ ಹಾಕಿದೇನು?”

“ಮತ್ತ? ಪಂಗ್ತ್ಯಾಗ ಕುಂತ ಮ್ಯಾಲ ಒಬ್ಬರಿಗೆ ಹೋಳಗಿ, ಒಬ್ಬರಿಗೆ ಬರೇ ಎಲಿ ಹಾಕ್ತಾರೇನವಾ? ನಮ್ಮ ಮನ್ಯಾಗ ಅಂಥಾ ಭೇದ ಯಾವತ್ತೂ ಮಾಡಿಲ್ಲ.”

ತಲೆ ತಲೆ ಚಚ್ಚಿಕೊಂಡೆ. ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು, ಸಿಟ್ಟಿಗೆ ಕಣ್ಣಲ್ಲಿ ನೀರೇ ಬಂತು.

“ಮಣ್ಣು ಹಸನಾತೋ ಇಲ್ಲೋ?”

“ಆತು.”

“ಮತ್ಯಾಕ ಅಳಾಕತ್ತಿ?” ಎನ್ನುತ್ತ ತಾಟಿಗೆ ಬಿಸಿ ರೊಟ್ಟಿ ಹಾಕಿ, ಪಕ್ಕದಲ್ಲಿ ಹಿತ್ತಲ ಹೊಲದ್ದೇ ಹಕ್ಕರಕಿ ಇಟ್ಟಳು.

ತಿನ್ನುತ್ತಲೇ ಗೋಳು ತೋಡಿಕೊಂಡೆ: ಪ್ರಯೋಗ ಮತ್ತೆ ಮೊದಲಿಂದ ಆಗಬೇಕು, ಅದಕ್ಕೆ ವಿಷದ ಮಣ್ಣೇ ಬೇಕು, ಈಗ ಎಲ್ಲಿಂದ ತರಲಿ?

“ಬಾಜೂ ಹೊಲದಾವರನ್ನ ಕೇಳು. ಅವರು ಇನ್ನೂ ರಗಡ ಎಣ್ಣಿ ಹೊಡಿತಾರ.”

“ಖರೇನ? ಭಾಳ ಛಲೋ ಆತು!”

ದೊಡ್ಡವ್ವನ ಕೈ ರೊಟ್ಟಿಯ ಮೇಲೆ ನಿಂತಿತು. ನನ್ನ ಮುಖವನ್ನೇ ನೋಡಿದಳು.

“ಅವರೂ ಉಣ್ಣೋದು ಅದ ಹೊಲದ್ದವಾ,” ಎಂದಳು.