ಕ್ಲಚ್ಚಿಗೆ ಗಾಳಿ ಎಲ್ಲಿಂದ ಬಂತು

"ನಿಮ್ಮತ್ತಿಗೆ ಏನು ಮಾಡ್ಕೊಂಡಿದಾರೆ?" ಎಂದು ಯಾರಾದರೂ ಕೇಳಿದರೆ ನಮ್ಮ ಮನೆಯವರೆಲ್ಲರ ಬಾಯಲ್ಲೂ ಸಿದ್ಧವಾಗಿರುವ ಉತ್ತರ ಒಂದೇ: "ಗ್ಯಾರೇಜಲ್ಲಿ ಗಂಡಂಗೆ ಕೈಜೋಡಿಸ್ತಾಳೆ." ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈಯುರಿಯುತ್ತದೆ. ಕೆಲಸ ಎಷ್ಟು ದೊಡ್ಡದು, ಎಷ್ಟು ಚಿಕ್ಕದು ಎಂಬ ಬಗ್ಗೆ ಯಾರಿಗೆ ಬೇಕಾದರೂ ಅಭಿಪ್ರಾಯ ಇರಬಹುದು. ಆದರೆ ಒಮ್ಮೆಯೂ ಬಗ್ಗಿ ನೋಡದವರು ತೀರ್ಪು ಕೊಡುವುದನ್ನು ನಾನು ಸಹಿಸಲಾರೆ.

ಅಣ್ಣನ ಗ್ಯಾರೇಜು ಇಳಿಜಾರು ಬೀದಿಯ ತುದಿಯಲ್ಲಿದೆ, ಬಿಡಿಭಾಗಗಳ ಅಂಗಡಿಗೆ ಎದುರಾಗಿ. ಎರಡು ಕಾರು ನಿಲ್ಲುವಷ್ಟು ಜಾಗ, ಎಣ್ಣೆ ಕುಡಿದು ಕಪ್ಪಾದ ನೆಲ, ಎತ್ತುವಾಗ ಇಡೀ ಬೀದಿಯನ್ನು ಎಬ್ಬಿಸುವ ಶಟರು. ಮೈಮಡಿಸಿ ಒಳಗೆ ತೂರಿಕೊಳ್ಳಬೇಕಾದ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರುಗಳು ಅಲ್ಲಿಗೇ ಬರುತ್ತವೆ. ಅವುಗಳ ಕ್ಲಚ್ಚಿನ ಕಾಯಿಲೆಗೆ ಅಣ್ಣನಂಥ ವೈದ್ಯನಿಲ್ಲ ಎಂಬ ಹೆಸರಿದೆ.

ಆ ಕಾಯಿಲೆಯನ್ನು ಇಲ್ಲಿ ವಿವರಿಸಲೇಬೇಕು. ಇಂಥ ಕಾರಿನಲ್ಲಿ ಪೆಡಲಿಗೂ ಕ್ಲಚ್ಚಿಗೂ ನಡುವೆ ತಂತಿಯಿರುವುದಿಲ್ಲ. ಎಣ್ಣೆ ತುಂಬಿದ ಸಣ್ಣ ಕೊಳವೆಯಿರುತ್ತದೆ. ಈ ತುದಿಯಲ್ಲಿ ಕಾಲು ಒತ್ತಿದರೆ ಆ ತುದಿಯಲ್ಲಿ ಕ್ಲಚ್ಚು ಬಿಡುತ್ತದೆ, ಏಕೆಂದರೆ ದ್ರವ ಕುಗ್ಗುವುದಿಲ್ಲ. ಗಾಳಿ ಕುಗ್ಗುತ್ತದೆ. ಕೊಳವೆಯೊಳಗೆ ಒಂದೇ ಒಂದು ಗುಳ್ಳೆ ಸೇರಿಕೊಂಡರೂ ಕಾಲಿನ ಬಲವೆಲ್ಲ ಆ ಗುಳ್ಳೆಯನ್ನು ಹಿಂಡುವುದರಲ್ಲೇ ಮುಗಿದುಹೋಗುತ್ತದೆ. ಪೆಡಲು ನೆನೆದ ಸ್ಪಂಜಿನಂತಾಗಿ ಗೇರು ಹಲ್ಲು ಕಡಿಯುತ್ತದೆ. ಸಾಲದ್ದಕ್ಕೆ ಆ ಎಣ್ಣೆ ಸುತ್ತಲಿನ ತೇವವನ್ನು ಹೀರಿಕೊಂಡು ಕೆಡುವ ಜಾತಿಯದು. ಆದ್ದರಿಂದ ಆಗಾಗ ಹಳೆಯ ಎಣ್ಣೆ ಇಳಿಸಿ, ಹೊಸದು ತುಂಬಿಸಿ, ಗಾಳಿ ತೆಗೆಯಬೇಕು.

ಗಾಳಿ ತೆಗೆಯುವುದು ಇಬ್ಬರ ಕೆಲಸ. ಒಬ್ಬರು ಕಾರಿನ ಕೆಳಗೆ ಮಲಗಿ ಸ್ಪ್ಯಾನರ್ ಹಿಡಿದು ನಿಪ್ಪಲ್ ಎಂಬ ಪುಟ್ಟ ಬಾಯಿಯನ್ನು ತೆರೆದು ಮುಚ್ಚುತ್ತಾರೆ. ಇನ್ನೊಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಬಿಡುತ್ತಾರೆ. ಕೆಳಗಿನವರು ಮುಚ್ಚುವ ಮೊದಲೇ ಮೇಲಿನವರು ಕಾಲೆತ್ತಿದರೆ ಹೋದ ಗಾಳಿ ಹೋದ ದಾರಿಯಲ್ಲೇ ವಾಪಸು.

ಮದುವೆಯಾದ ಹೊಸತರಲ್ಲಿ ಅತ್ತಿಗೆ ಅಣ್ಣನಿಗೆ ಊಟದ ಡಬ್ಬಿ ಕೊಡಲೆಂದು ಬಂದಿದ್ದರು. ಕಾರಿನ ಕೆಳಗಿನಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು. "ಯಾರದು? ಯಾರಾದ್ರೂ ಸರಿ, ಬಂದು ಪೆಡಲ್ ಒತ್ತಿ!" ಎಂದಿತು ಆ ಕಾಲುಗಳ ಧ್ವನಿ. ಹೊಲಿಗೆಯಂತ್ರವನ್ನು ತುಳಿದು ಬೆಳೆದ ಹೆಣ್ಣುಮಗಳು. ಎಷ್ಟು ಒತ್ತಬೇಕು, ಎಲ್ಲಿ ತಡೆಯಬೇಕು ಎಂಬುದನ್ನು ಅಂಗಾಲಿಗೆ ಹೇಳಿಕೊಡಬೇಕಾಗಿರಲಿಲ್ಲ. ಡಬ್ಬಿ ಪಕ್ಕದ ಸೀಟಿನ ಮೇಲಿಟ್ಟು ಕೂತವರು ಆಮೇಲೆ ಎದ್ದದ್ದೇ ಇಲ್ಲ ಎನ್ನಬೇಕು.

"ಒತ್ತು!"

"ಒತ್ತಿದೆ!"

"ಬಿಡು!"

"ಬಿಟ್ಟೆ!"

ಬೀದಿಗೆಲ್ಲ ಕೇಳುವ ಈ ಸಂವಾದಕ್ಕೆ ಎದುರಂಗಡಿಯ ಬಿಡಿಭಾಗದವನು ಒಂದು ಮಾತು ಕಟ್ಟಿದ್ದ: "ಗಂಡ ಹೇಳಿದ ತಕ್ಷಣ ಹೂಂ ಅನ್ನೋ ಹೆಂಡ್ತಿ ಇಡೀ ಬೀದೀಲಿ ಇವರೊಬ್ಬರೇ." ಅತ್ತಿಗೆ ಕಾರೊಳಗಿನಿಂದಲೇ ಕೂಗುತ್ತಿದ್ದರು: "ಅದೂ ಅವರು ಕಾರಿನ ಕೆಳಗಿರೋವರೆಗೆ ಮಾತ್ರ ಕಣಪ್ಪಾ!"

ಒತ್ತುವುದಷ್ಟೇ ಅವರ ಕೆಲಸವಾಗಿತ್ತೆ? ಬಾನೆಟ್ಟಿನ ಕೆಳಗಿದ್ದು ಕೊಳವೆಗೆ ಎಣ್ಣೆಯುಣಿಸುವ ಎಣ್ಣೆಡಬ್ಬಿಯ ಮಟ್ಟ ಇಳಿಯದಂತೆ ನಡುನಡುವೆ ಇಳಿದು ಬಂದು ತುಂಬಿಸುತ್ತಿದ್ದವರು ಯಾರು? ಆ ಎಣ್ಣೆ ಬಣ್ಣವನ್ನು ತಿನ್ನುತ್ತದೆಂದು ಮಡ್‌ಗಾರ್ಡಿನ ಮೇಲೆ ಒದ್ದೆ ಬಟ್ಟೆ ಹಾಸುತ್ತಿದ್ದವರು, ಕೆಲಸ ಮುಗಿದ ಮೇಲೆ ಮುಚ್ಚಳ ಬಿಗಿಯುತ್ತಿದ್ದವರು ಯಾರು? ಅಣ್ಣ ಸದಾ ಕೆಳಗಿದ್ದ. ಇದ್ಯಾವುದೂ ಅವನ ಕಣ್ಣಿಗೆ ಬೀಳಲಿಲ್ಲ. ಕಾಣದ ಕೆಲಸ ತಾನೇ ಆಗುತ್ತದೆಂದು ನಂಬುವುದು ಸುಲಭ.

ಹೀಗಿರುವಾಗ ಅಣ್ಣ ಒಂದು ಯಂತ್ರ ತಂದ. ಯಂತ್ರವೆಂದರೆ ಏನು ಮಹಾ? ಕೈಪಂಪು ಕೂಡಿಸಿದ ಪ್ಲಾಸ್ಟಿಕ್ ಬಾಟಲಿ, ಒಂದು ಟ್ಯೂಬು, ಎಣ್ಣೆಡಬ್ಬಿಯ ಬಾಯಿಗೆ ಕೂರುವ ಮುಚ್ಚಳ. ಬಾಟಲಿಗೆ ಎಣ್ಣೆ ಸುರಿದು ಪಂಪು ಹೊಡೆದರೆ ಒಳಗಿನ ಒತ್ತಡವೇ ಎಣ್ಣೆಯನ್ನು ಕೊಳವೆಗೆ ನೂಕುತ್ತದೆ. ಪೆಡಲ್ ಒತ್ತುವವರು ಬೇಡ. ನಾನು ಅದನ್ನು ತಿರುಗಿಸಿ ನೋಡಿದೆ. ತತ್ತ್ವದಲ್ಲಿ ತಪ್ಪಿರಲಿಲ್ಲ. ಅತ್ತಿಗೆಯ ಪಾದದಲ್ಲಿ ಏನೋ ದಿವ್ಯಶಕ್ತಿ ಇದೆಯೆಂದು ವಾದಿಸುವವನೂ ನಾನಲ್ಲ. ನನ್ನ ಸಿಟ್ಟು ಯಂತ್ರದ ಮೇಲಿರಲಿಲ್ಲ. ಅದನ್ನು ಮೇಜಿನ ಮೇಲಿಡುತ್ತಾ ಅಣ್ಣ ಆಡಿದ ಮಾತಿನ ಮೇಲಿತ್ತು.

"ಇನ್ಮೇಲೆ ಒಬ್ಬ ಇದ್ರೆ ಸಾಕು. ನೀನು ಮನೇಲಿ ಆರಾಮಾಗಿರು."

ಅದನ್ನವನು ದೊಡ್ಡ ಉಪಕಾರವೆಂಬಂತೆ ಹೇಳಿದ. ಅತ್ತಿಗೆ ಮನೆಯಲ್ಲಿ ಆರಾಮಾಗಿ ಇರಲಿಲ್ಲ. ದಿನವೂ ಹಿಂದಿನಂತೆಯೇ ಬಂದು ಗ್ಯಾರೇಜಿನ ಸ್ಟೂಲಿನ ಮೇಲೆ ತುಟಿ ಹೊಲಿದುಕೊಂಡವರಂತೆ ಕೂತರು.

ಆ ಮುನಿಸಿನ ನಡುವೆಯೇ ವಕೀಲರ ಹಳದಿ ಕಾರು ಬಂತು. ಅಂದು ನಾನೂ ಅಲ್ಲಿದ್ದೆ.

"ಪೆಡಲ್ ಮೆತ್ತಗಾಗಿದೆ ಮೇಸ್ತ್ರಿ, ಗೇರ್ ಹಾಕಿದ್ರೆ ಕಿರ್ ಅನ್ನುತ್ತೆ."

"ಗಾಳಿ ಸಾಹೇಬ್ರೆ, ಬರೀ ಗಾಳಿ. ಇವತ್ತು ಮಷೀನಲ್ಲಿ ತೆಗೀತೀನಿ, ನೋಡ್ತಿರಿ."

ಅಣ್ಣ ಕಾರನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಮೇಜಿನ ಮೇಲೆ ತೆರೆದಿಟ್ಟಿದ್ದ ಡಬ್ಬಿಯಿಂದ ಬಾಟಲಿಗೆ ಎಣ್ಣೆ ಸುರಿದು, ಅದನ್ನು ಬಾನೆಟ್ಟಿನ ಕೊಕ್ಕೆಗೆ ತೂಗುಹಾಕಿ, ಪಂಪು ಹೊಡೆದು ಕೆಳಗೆ ಜಾರಿದ. ನಿಪ್ಪಲಿಗೆ ಸಿಕ್ಕಿಸಿದ ಪಾರದರ್ಶಕ ಟ್ಯೂಬಿನಲ್ಲಿ ಮೊದಲು ಕಂದು ಎಣ್ಣೆ, ಆಮೇಲೆ ಕೆಲವು ಗುಳ್ಳೆ, ಆಮೇಲೆ ತಿಳಿ ಎಣ್ಣೆ ಬಂತು. ಅಲ್ಲಿಗೇ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಹೊಸ ಆಟಿಕೆ ಸಿಕ್ಕವನು ನಿಲ್ಲಿಸುತ್ತಾನೆಯೇ? ತುಸು ಹೊತ್ತಿನಲ್ಲಿ ಮತ್ತೆ ಗುಳ್ಳೆ ಶುರುವಾಯಿತು. ಒಂದರ ಹಿಂದೊಂದು, ಸಾಲುಸಾಲು.

"ನೋಡಿ ಸಾಹೇಬ್ರೆ, ಎಷ್ಟು ಗಾಳಿ! ಇಷ್ಟು ವರ್ಷ ಒಳಗೇ ಕೂತಿತ್ತು ನೋಡಿ!"

ವಕೀಲರು ಮಂಡಿಯೂರಿ ನೋಡಿ "ಅಬ್ಬಬ್ಬಾ!" ಎಂದರು. ಗುಳ್ಳೆ ಹೆಚ್ಚಿದಷ್ಟೂ ಕೆಳಗಿದ್ದವನ ಹುಮ್ಮಸ್ಸು ಹೆಚ್ಚುತ್ತಿತ್ತು. ತನ್ನ ನಂಬಿಕೆಗೆ ಸಾಕ್ಷಿಯೆಂದು ಅವನು ಎಣಿಸುತ್ತಿದ್ದುದು ಅದೇ ನಂಬಿಕೆಯ ವಿರುದ್ಧದ ಸಾಕ್ಷಿಯೂ ಆಗಿರಬಹುದೆಂಬ ಯೋಚನೆ ಅವನ ಹತ್ತಿರವೂ ಸುಳಿಯಲಿಲ್ಲ.

ಸ್ಟೂಲಿನಿಂದ ಅತ್ತಿಗೆಯ ಧ್ವನಿ ಬಂತು. ಮುನಿಸು ಹತ್ತಿದ ಮೇಲೆ ಗಂಡನೊಡನೆ ಆಡಿದ ಮೊದಲ ಮಾತು ಅದು.

"ರೀ, ಬಾಟ್ಲಿ ಖಾಲಿ ಆಯ್ತು. ಗಾಳಿ ಹೋಗ್ತಿದೆ ಒಳಗೆ."

"ನೀನು ಸುಮ್ನಿರೇ. ಅದು ಮಷೀನು, ಅದಕ್ಕೆ ಗೊತ್ತು."

"ಮಷೀನಿಗೆ ಕಣ್ಣಿಲ್ಲ ರೀ."

"ನಿನಗೆ ಬಾಯಿದೆಯಲ್ಲ, ಸಾಕು."

ವಕೀಲರು ನಕ್ಕರು. ನಡುನಡುವೆ ಎಣ್ಣೆ ನೋಡಿ ತುಂಬಿಸುವುದು ಯಾವತ್ತೂ ಅಣ್ಣನ ಪಾಲಿನ ಕೆಲಸವಾಗಿರಲಿಲ್ಲವಾದ್ದರಿಂದ, ಬಾಟಲಿ ಬರಿದಾಗುವ ವಸ್ತು ಎಂಬುದೇ ಅವನಿಗೆ ಹೊಳೆಯಲಿಲ್ಲ. ಖಾಲಿ ಬಾಟಲಿಯಲ್ಲಿ ಉಳಿದ ಒತ್ತಡದ ಗಾಳಿಯನ್ನೆಲ್ಲ ಕ್ಲಚ್ಚಿನೊಳಕ್ಕೆ ಊದಿ ಮುಗಿಸಿ, ಬೆವರು ಒರೆಸುತ್ತಾ ಹೊರಬಂದು ಪೆಡಲ್ ಒತ್ತಿದ. ಪೆಡಲು ನೆಲಕ್ಕೆ ಬಿದ್ದು ಅಲ್ಲೇ ಉಳಿಯಿತು.

ಅವನು ಬಾಟಲಿಯತ್ತ ನೋಡಿದ. ನೋಡಿದ್ದನ್ನು ನಾನು ಕಂಡೆ. ಆಮೇಲೆ ವಕೀಲರತ್ತ ತಿರುಗಿದ.

"ಸೀಲ್ ಹೋಗಿದೆ ಸಾಹೇಬ್ರೆ. ಇಷ್ಟು ದಿನ ಕಾಲಲ್ಲಿ ಒತ್ತಿಸಿದ್ದಲ್ವಾ? ಇವಳು ತಳ ಕಾಣೋವರೆಗೆ ತುಳೀತಾಳೆ. ತುಳಿದು ತುಳಿದು ಒಳಗಿನ ರಬ್ಬರ್ ಹರಿದಿದೆ."

"ಹೆಂಗಸರ ಕಾಲು ಕ್ಲಚ್ಚಿಗೆ ಆಗಿಬರಲ್ಲ ಬಿಡಿ ಮೇಸ್ತ್ರಿ. ನಮ್ಮನೇಲೂ ಅದೇ ಗೋಳು."

ಅಣ್ಣ ಹೇಳಿದ್ದು ಪೂರ್ತಿ ಕಟ್ಟುಕತೆಯಾಗಿದ್ದರೆ ಇಷ್ಟು ಕೋಪ ಬರುತ್ತಿರಲಿಲ್ಲ. ಎಣ್ಣೆಯನ್ನು ನೂಕುವ ಹಳೆಯ ಸಿಲಿಂಡರಿನಲ್ಲಿ ಪೆಡಲನ್ನು ತಳದವರೆಗೆ ತುಳಿದರೆ ರಬ್ಬರಿನ ಸೀಲು ಹರಿಯುವುದುಂಟು. ಅದು ಗೊತ್ತಿದ್ದೇ ಅತ್ತಿಗೆ ಪೆಡಲಿನ ಕೆಳಗೊಂದು ಮರದ ತುಂಡು ಇಟ್ಟುಕೊಂಡು ಒತ್ತುತ್ತಿದ್ದರು. ಒಂದು ನಿಜವನ್ನು ಎರವಲು ತಂದು, ಅದನ್ನು ಪಾಲಿಸಿದವರ ತಲೆಗೇ ಕಟ್ಟುವುದಿದೆಯಲ್ಲ, ಅದು ಬರಿಯ ಸುಳ್ಳಿಗಿಂತ ಹೀನ. ಅದೂ ಹೊರಗಿನವರ ಮುಂದೆ, ಇಷ್ಟು ವರ್ಷ ತನ್ನ ಹೆಸರನ್ನು ಹೊತ್ತ ಕಾಲಿನ ಮೇಲೆ!

ಅತ್ತಿಗೆ ಎದ್ದು ಬಂದು ಕಾರಿನೊಳಗೆ ಕೈ ಹಾಕಿ ಕೀಲಿಯನ್ನು ಕಿತ್ತುಕೊಂಡರು.

"ಏನೇ ಇದು?"

"ಇದು ನನ್ನ ಹತ್ರ ಇರ್ಲಿ. ಗಾಳಿ ಎಲ್ಲಿಂದ ಬಂತು ಅಂತ ತೋರಿಸ್ತೀನಿ. ಆಮೇಲೆ ನೀವು ವಾಪಸ್ ತಗೋಬೇಕು."

"ಏನನ್ನ?"

"ಆಡಿದ ಮಾತನ್ನ. ಇವರ ಮುಂದೆ ಆಡಿದ್ದನ್ನ ಇವರ ಮುಂದೇನೇ."

ಅತ್ತಿಗೆ ಎಣ್ಣೆಯ ಹೊಸ ಡಬ್ಬಿ ಒಡೆದು ಬಾಟಲಿ ತುಂಬಿಸಿ ಪಂಪು ಹೊಡೆದರು. ಅದನ್ನು ಕೊಕ್ಕೆಗೆ ತೂಗುಹಾಕಲಿಲ್ಲ. ಚಕ್ರದ ಪಕ್ಕ ನೆಲದ ಮೇಲೆ, ಮಲಗಿದರೆ ತಮ್ಮ ಕಣ್ಣಿಗೆ ನೇರ ಕಾಣುವಂತೆ ಇಟ್ಟರು. ಒತ್ತಡ ನೂಕುವಾಗ ಬಾಟಲಿ ಮೇಲಿದ್ದರೇನು, ಕೆಳಗಿದ್ದರೇನು? ನನಗೂ ಆ ಕ್ಷಣದವರೆಗೆ ತೋಚಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಕಾರಿನ ಕೆಳಗೆ ಸರಿದರು.

"ನಿನ್ನ ಕೈಲಾಗಲ್ಲ ಕಣೇ, ಆ ಸಂದೀಲಿ ಕೈ ಹೋಗಲ್ಲ!"

"ಒಬ್ಬ ಇದ್ರೆ ಸಾಕು ಅಂದ್ರಲ್ಲ. ಆ ಒಬ್ಬ ನೀವೇ ಅಂತ ಮಷೀನ್ ಮೇಲೆ ಬರೆದಿದೆಯಾ?"

ಕೆಲಸ ನೀರು ಕುಡಿದಷ್ಟು ಸಲೀಸಾಗಿ ನಡೆಯಿತೆಂದು ಹೇಳಿದರೆ ಸುಳ್ಳಾದೀತು. ಸ್ಪ್ಯಾನರ್ ಜಾರಿ ಬೆರಳಗಿಣ್ಣಿನ ಚರ್ಮ ಕಿತ್ತುಬಂತು. ನಿಪ್ಪಲನ್ನು ಅಗತ್ಯಕ್ಕಿಂತ ಹೆಚ್ಚು ತಿರುಗಿಸಿ ತೋಳೆಲ್ಲ ಎಣ್ಣೆ ಮಾಡಿಕೊಂಡರು. "ಥೂ ದರಿದ್ರದ್ದೇ!" ಎಂದು ಅವರು ಬೈದದ್ದು ನಿಪ್ಪಲನ್ನೋ ಗಂಡನನ್ನೋ ತಿಳಿಯಲಿಲ್ಲ. ಟ್ಯೂಬಿನಲ್ಲಿ ಗುಳ್ಳೆಗಳ ಮೆರವಣಿಗೆ ಬಂತು, ತೆಳುವಾಯಿತು, ನಿಂತಿತು.

"ವಕೀಲರೇ, ಈಗ ಗುಳ್ಳೆ ಇದೆಯಾ?"

"ಇಲ್ಲ."

"ಬಾಟ್ಲೀಲಿ ಎಣ್ಣೆ?"

"ಇದೆ."

"ಖಾಲಿ ಆಗೋಕೆ ಬಿಟ್ಟು ನೋಡೋಣ್ವಾ, ಗುಳ್ಳೆ ಮತ್ತೆ ಬರುತ್ತೋ ಇಲ್ವೋ ಅಂತ?"

"ಬೇಡ, ಬೇಡ!" ಎಂದು ಅಣ್ಣ ಕೂಗಿದ.

ಪ್ರಯೋಗ ನಡೆಯುವ ಮೊದಲೇ ಫಲಿತಾಂಶ ಹೊರಬಿದ್ದಿತ್ತು. ಸೀಲು ಹರಿದಿದೆಯೆಂದು ನಿಜವಾಗಿ ನಂಬಿದವನು ಅಷ್ಟು ಗಾಬರಿಯಾಗಬೇಕಿರಲಿಲ್ಲ.

ಅತ್ತಿಗೆ ನಿಪ್ಪಲ್ ಬಿಗಿದರು. ವಕೀಲರು ಸೀಟಿನಲ್ಲಿ ಕೂತು ಪೆಡಲ್ ಒತ್ತಿದರು. ಅದು ಗಟ್ಟಿಯಾಗಿ ಇಳಿಯಿತು, ನೆಟ್ಟಗೆ ಮೇಲೆ ಬಂತು. ಮುಖವರಳಿಸಿಕೊಂಡು ಇಳಿದು ಬಂದವರು ಏನು ಮಾಡಿದರು ಗೊತ್ತೆ? "ನಿಮ್ಮ ಕೈಗುಣವೇ ಕೈಗುಣ ಮೇಸ್ತ್ರಿ" ಎಂದು ಅಣ್ಣನ ಕೈ ಕುಲುಕಿದರು! ಅಣ್ಣ ಕೈ ಕೊಟ್ಟ. ಕೆಲಸ ಮಾಡಿದವರ ಪಾದಗಳು ಇನ್ನೂ ಕಾರಿನ ಕೆಳಗಿದ್ದವು.

ಅವರು ಹೊರಬಂದು, ರಕ್ತ ಜಿನುಗುತ್ತಿದ್ದ ಬೆರಳನ್ನು ಬಟ್ಟೆಯಲ್ಲಿ ಸುತ್ತಿಕೊಂಡರು.

"ಕೀಲಿ ಕೊಡಿಯಮ್ಮ, ಹೊತ್ತಾಯ್ತು."

"ಇವರು ಹೇಳ್ಲಿ, ಕೊಡ್ತೀನಿ."

ಅಣ್ಣ ಗೋಡೆ ನೋಡಿದ. "ಅದೇ... ಬಾಟ್ಲಿ ಮುಗಿದಿತ್ತು ಸಾಹೇಬ್ರೆ."

"ಮುಗಿದದ್ದನ್ನ ಯಾರು ನೋಡ್ಲಿಲ್ಲ?"

"ನಾನು."

"ಯಾರು ಹೇಳಿದ್ರು?"

"ನೀನು ಹೇಳ್ದೆ."

"ನನಗ್ಯಾಕೆ ಹೇಳ್ತೀರಿ? ನನಗೆ ಗೊತ್ತಿದೆ. ಅವರಿಗೆ ಹೇಳಿ."

"ಇವಳು ಹೇಳಿದ್ಲು ಸಾಹೇಬ್ರೆ. ನಾನು ಕೇಳ್ಲಿಲ್ಲ."

"ಸೀಲು?"

"ನೆಟ್ಟಗಿದೆ."

ಅತ್ತಿಗೆ ಕೀಲಿಯನ್ನು ಮುಷ್ಟಿಯಿಂದ ಬಿಡಲಿಲ್ಲ. ಅಣ್ಣ ಕಡೆಗೂ ಗೋಡೆಯಿಂದ ಕಣ್ಣು ಕಿತ್ತು ವಕೀಲರನ್ನು ನೋಡಿದ.

"ಇವಳ ಕಾಲಿಂದ ಏನೂ ಆಗಿಲ್ಲ ಸಾಹೇಬ್ರೆ. ಗಾಳಿ ತುಂಬಿಸಿದ್ದು ನಾನು. ಸುಳ್ಳು ಹೇಳ್ದೆ."

"ಅಮ್ಮಾವ್ರು ಕೋರ್ಟಿಗೆ ಬರಬೇಕಿತ್ತು" ಎಂದು ನಗುತ್ತಾ ವಕೀಲರು ಅಂಗೈ ಚಾಚಿದರು.

"ನಿಮ್ಮದೂ ಒಂದು ಮಾತಿದೆ ವಕೀಲರೇ. ಹೆಂಗಸರ ಕಾಲಿನ ಬಗ್ಗೆ."

"ಅಯ್ಯೋ, ಅದು ತಮಾಷೆಗೆ ಅಂದಿದ್ದು."

"ತಮಾಷೆಗೆ ಅಂದಿದ್ದನ್ನೂ ವಾಪಸ್ ತಗೋಬಹುದು."

ವಕೀಲರು ನಮ್ಮೆಲ್ಲರ ಮುಖವನ್ನೂ ಒಮ್ಮೆ ನೋಡಿದರು. ಯಾರೂ ನಗುತ್ತಿರಲಿಲ್ಲ. "ಆಯ್ತಮ್ಮ, ವಾಪಸ್ ತಗೊಂಡೆ" ಎಂದರು. ಕೀಲಿ ಅವರ ಅಂಗೈಗೆ ಬಿತ್ತು.

ಹಳದಿ ಕಾರು ಏರು ಹತ್ತಿ ಸದ್ದಿಲ್ಲದೆ ಗೇರು ಬದಲಿಸಿಕೊಂಡು ಮರೆಯಾಯಿತು. ಪಕ್ಕದ ಜಾಗದಲ್ಲಿ ಇನ್ನೊಂದು ಕಾರು ಕಾಯುತ್ತಿತ್ತು. ಅತ್ತಿಗೆ ಅದರ ಕೆಳಗೆ ಸರಿದು ಕೈ ಹೊರಚಾಚಿದರು.

"ರೀ, ಬಾಟ್ಲಿ ತುಂಬಿಸ್ಕೊಡಿ."

ಅಣ್ಣ ಬಾಟಲಿ ಹಿಡಿದು ನಿಂತ. ಎಣ್ಣೆಯ ಹೊಸ ಡಬ್ಬಿಗಳು ಎಲ್ಲಿರುತ್ತವೆಂದು ಅವನಿಗೆ ಗೊತ್ತಿರಲಿಲ್ಲ. ಕೇಳುವ ಧೈರ್ಯವಾಗದೆ ಕಪಾಟಿನ ಬಾಗಿಲುಗಳನ್ನು ಒಂದೊಂದಾಗಿ ತೆರೆದು ನೋಡತೊಡಗಿದ.