ಮುಖವಿಲ್ಲದ ಮೂವತ್ತೊಂದು ವಿಡಿಯೋ

ಪುಕ್ಕಟೆ ಸಿಕ್ಕಿದ್ದನ್ನು ಗೋದಾ ಎಂದೂ ನಂಬಿದವಳಲ್ಲ. ತರಕಾರಿಯವನು ಮೇಲಿಂದ ಹಾಕುವ ಕೊತ್ತಂಬರಿಯನ್ನೂ ಬಿಡಿಸಿ, ಮೂಸಿ ನೋಡಿಯೇ ಚೀಲಕ್ಕೆ ಇಳಿಸುವವಳು. ಅಂಥವಳು ಬಾಳಿನಲ್ಲಿ ಕೂಡಿಟ್ಟ ಒಂದೇ ಒಂದು ಬೆಲೆಯುಳ್ಳ ಸಂಗತಿಯನ್ನು ಒಂದು ಪುಕ್ಕಟೆ ಜಾಗದಲ್ಲಿ, ಅದೂ ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲದ ಜಾಗದಲ್ಲಿ ಇಟ್ಟು ನಿಶ್ಚಿಂತೆಯಿಂದ ಇದ್ದುಬಿಟ್ಟಿದ್ದಳು. ಆ ಗುರುವಾರ ಅವಳ ಮೈ ಉರಿಸಿದ ಮೊದಲ ಸಂಗತಿ ಇದು. ಎರಡನೆಯ ಸಂಗತಿ ಅವಳ ಗಂಡ.

ಪುಣೆಯ ನಿಗಡಿಯ ತಮ್ಮ ಎರಡು ಕೋಣೆಯ ಮನೆಯಲ್ಲಿ ಗೋದಾ ಗುರುವಾರ ಮಧ್ಯಾಹ್ನ ಕಸೂತಿ ಕಲಿಸುತ್ತಾಳೆ. ಆರು ಮಂದಿ ಬರುತ್ತಾರೆ, ಆರೂ ಜನ ಮರಾಠಿಯವರು. ಧಾರವಾಡದ ಕಸೂತಿ ಎಂದರೆ ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಎಳೆಯುವಂತಿಲ್ಲ, ದಾರಕ್ಕೆ ಗಂಟು ಹಾಕುವಂತಿಲ್ಲ. ಎಳೆ ಎಣಿಸಿ ಎಣಿಸಿ ಸೂಜಿ ಚುಚ್ಚುತ್ತ ಹೋಗಬೇಕು, ನಡುವೆ ಬಿಟ್ಟ ಜಾಗವನ್ನು ತುಂಬುತ್ತ ಅದೇ ದಾರಿಯಲ್ಲಿ ತಿರುಗಿ ಬರಬೇಕು. ಒಂದು ಎಳೆ ತಪ್ಪಿತೆಂದರೆ ಅಲ್ಲಿಯವರೆಗಿನ ದುಡಿಮೆ ಬಿಚ್ಚಿ ಹಾಕಬೇಕು.

ಆ ದಿನ ಪಕ್ಕದ ಕಟ್ಟಡದ ಶೀತಲ ಎಂಬಾಕೆ ತುಳಸಿಕಟ್ಟೆ ನಮೂನೆಯ ಮೂಲೆಯೊಂದರಲ್ಲಿ ಸಿಕ್ಕಿಹಾಕಿಕೊಂಡಳು. "ಕಾಕೂ, ಇಥೂನ ಪರತ ಕಸಂ ಯಾಯಚಂ?" ಎಂದು ಬಟ್ಟೆ ಮುಂದೆ ಹಿಡಿದಳು. ಇಲ್ಲಿಂದ ತಿರುಗಿ ಬರುವುದು ಹೇಗೆ ಎಂದು ಅವಳ ಪ್ರಶ್ನೆ. ಆ ಮೂಲೆ ಗೋದಾಗೂ ಪ್ರತಿ ಸಲ ಕೈಕೊಡುತ್ತದೆ. ಅದಕ್ಕೇ ಅವಳು ಫೋನ್ ತೆಗೆದಳು. ನಾದಿನಿ ಅಂಬಕ್ಕನ ವಿಡಿಯೋಗಳಲ್ಲಿ ಆ ಮೂಲೆ ಎರಡು ಕಡೆ ಬರುತ್ತದೆ, ಯಾವುದರಲ್ಲಿ ಎಷ್ಟನೇ ನಿಮಿಷಕ್ಕೆ ಎಂಬುದೂ ಅವಳಿಗೆ ಬಾಯಿಪಾಠ.

ವಿಡಿಯೋಗಳು ಇರಲಿಲ್ಲ. ಒಂದೂ ಇರಲಿಲ್ಲ. ಬೆರಳಿನಿಂದ ಮೇಲೆ ತಳ್ಳಿದಷ್ಟೂ ದೇವರು ಬಂದರು. ಬೆಳಗಿನ ಅಲಂಕಾರದ ವಿಠ್ಠಲ, ಸಂಜೆಯ ಅಲಂಕಾರದ ವಿಠ್ಠಲ, ಹೂವಿನಲ್ಲಿ ಮುಚ್ಚಿಹೋದ ಬೃಂದಾವನ, ಶುಭೋದಯ ಹೇಳುವ ಹನುಮಪ್ಪ. ಎಲ್ಲಾ ದೇವರೂ ಇದ್ದರು, ಅಂಬಕ್ಕ ಮಾತ್ರ ಇರಲಿಲ್ಲ. ಮುಂದಿನ ವಾರ ತೋರಿಸುತ್ತೇನೆಂದು ಹೇಳಿ ಗೋದಾ ಹೆಂಗಸರನ್ನು ಅರ್ಧ ತಾಸು ಮುಂಚೆಯೇ ಕಳಿಸಿಬಿಟ್ಟಳು.

ಅಂಬಕ್ಕ ಯಾರೆಂಬುದನ್ನು ಹೇಳದಿದ್ದರೆ ಈ ಸಿಟ್ಟು ಅರ್ಥವಾಗುವುದಿಲ್ಲ. ಆಕೆ ಗೋದಾಳ ಗಂಡ ಪ್ರಲ್ಹಾದರಾಯರ ಹಿರಿಯಕ್ಕ. ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡು ಧಾರವಾಡದ ತವರಿಗೆ ಬಂದಳು. ಬಂದ ವರ್ಷವೇ ತಾಯಿ ತೀರಿಕೊಂಡಳು. ನಾಲ್ಕು ವರ್ಷದ ತಮ್ಮನನ್ನು ಎತ್ತಿ ಆಡಿಸಿ, ಉಣಿಸಿ, ಓದಿಸಿ ದೊಡ್ಡವನನ್ನಾಗಿ ಮಾಡಿದವಳು ಆಕೆಯೇ. ತಮ್ಮನಿಗೆ ಆಕುರ್ಡಿಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಕೆಲಸ ಸಿಕ್ಕಾಗ ಅವನ ಹಿಂದೆ ಪುಣೆಗೆ ಬಂದಳು. ಮದುವೆಯಾಗಿ ಬಂದ ಗೋದಾಗೆ ಮೊದಲ ವರ್ಷ ನಾದಿನಿಯನ್ನು ಕಂಡರೆ ಹೆದರಿಕೆ, ಎರಡನೆಯ ವರ್ಷ ಕೈಗೆ ಸೂಜಿ ಬಂತು, ಆಮೇಲೆ ಆ ಮನೆಯಲ್ಲಿ ಅವಳ ಜೊತೆ ಮಾತಾಡುವವರು ಯಾರಾದರೂ ಇದ್ದರೆ ಅದು ಅಂಬಕ್ಕ. ಇಳಕಲ್ಲಿನ ಸೆರಗಿನ ಮೇಲೆ ಇಬ್ಬರೂ ಎರಡು ತುದಿಯಿಂದ ಹೊಲೆಯುತ್ತ ಬಂದು ನಡುವೆ ಸೇರುತ್ತಿದ್ದರು. ಆ ಸೀರೆಗಳೇ ಮಗಳು ನೀಲಿಮಾಳನ್ನು ಇಂಜಿನಿಯರಿಂಗ್ ಓದಿಸಿದವು. ಪ್ರಲ್ಹಾದರಾಯರು ಇವತ್ತಿಗೂ ಮಗಳನ್ನು ತಮ್ಮ ಸಂಬಳವೇ ಓದಿಸಿತೆಂದು ತಿಳಿದಿದ್ದಾರೆ.

ಅಂಬಕ್ಕನಿಗೆ ಎಪ್ಪತ್ತು ದಾಟಿದಾಗ ಗೋದಾಗೆ ಚಿಂತೆ ಹತ್ತಿತು. ಈ ನಮೂನೆಗಳೆಲ್ಲ ಆಕೆಯ ತಲೆಯಲ್ಲಿದ್ದವು, ಬೇರೆಲ್ಲೂ ಇರಲಿಲ್ಲ. ಫೋನಿನಲ್ಲಿ ಹಿಡಿದಿಡುತ್ತೇನೆ ಎಂದರೆ ಅಂಬಕ್ಕ ಒಂದೇ ಷರತ್ತು ಹಾಕಿದಳು.

"ಮಾರಿ ತಗೀಬ್ಯಾಡವಾ. ಕೈ ಅಷ್ಟ ತಗಿ."

ಐವತ್ತು ವರ್ಷ ಫೋಟೋದಿಂದ ಸರಿದು ನಿಂತು ನಿಂತು ಆಕೆಗೆ ಅದೇ ರೂಢಿಯಾಗಿತ್ತು. ವಿಧವೆ ಎದುರಿಗೆ ಬರಬಾರದೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳುವ ಅಗತ್ಯವನ್ನೇ ಆಕೆ ಇಟ್ಟಿರಲಿಲ್ಲ. ಕಾತ್ರಜದ ಮಂಗಲ ಕಾರ್ಯಾಲಯದಲ್ಲಿ ನೀಲಿಮಾಳ ಮದುವೆಯಾದಾಗ ಫೋಟೋದವನು ಮನೆಯವರೆಲ್ಲ ಬನ್ನಿ ಎಂದು ಕೂಗಿದ. ಅಂಬಕ್ಕ ತೆಂಗಿನಕಾಯಿ ಬುಟ್ಟಿ ಎತ್ತಿಕೊಂಡು ಆಚೆ ಹೋದಳು, ಹೋಗಬೇಡ ಎಂದು ತಮ್ಮ ಅನ್ನಲಿಲ್ಲ. ಅಷ್ಟು ದಪ್ಪನೆಯ ಆಲ್ಬಮ್ಮಿನಲ್ಲಿ ಆಕೆಯ ಒಂದು ಮೊಣಕೈ ಇದೆ. ಆಕೆ ತೀರಿಕೊಂಡಾಗ ಗೋಡೆಗೆ ಹಾಕಲು ಫೋಟೋ ಇಲ್ಲದೆ ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿದರು. ಅದು ಅಂಬಕ್ಕನೋ, ಬೇರೆ ಯಾರೋ ಎಂದು ನೋಡಿದವರಿಗೆಲ್ಲ ಅನುಮಾನ. ಆಕೆ ಆಕೆಯಾಗಿ ಉಳಿದದ್ದು ಆ ಮೂವತ್ತೊಂದು ವಿಡಿಯೋಗಳಲ್ಲಿ ಮಾತ್ರ.

ಅವುಗಳನ್ನು ಕ್ಲೌಡಿಗೆ ಹಾಕಿದವಳು ನೀಲಿಮಾ. ವಿಮಾನ ನಗರದ ಆಫೀಸಿನಿಂದ ಒಂದು ಶನಿವಾರ ಬಂದವಳು, ತಾಯಿಯ ಫೋನ್ ತುಂಬಿ ತುಳುಕುವುದನ್ನು ನೋಡಿ, ಎಲ್ಲ ಮೇಲೆ ಭದ್ರವಾಗಿದೆ ಎಂದು ಹೇಳಿ ಫೋನಿನಲ್ಲಿದ್ದುದನ್ನು ತೆಗೆದುಹಾಕಿದಳು. ಇಬ್ಬರಿಗೂ ಬೇರೆ ಬೇರೆ ಖಾತೆ ಮಾಡೋಣ ಎಂದಿದ್ದಳು ಪಾಪ. ಪ್ರಲ್ಹಾದರಾಯರು ಒಪ್ಪಲಿಲ್ಲ. ರೇಷನ್ ಕಾರ್ಡ್ ಮನೆಗೊಂದು, ಗ್ಯಾಸ್ ಮನೆಗೊಂದು, ಇದೂ ಮನೆಗೊಂದು ಸಾಕು ಎಂದರು. ಹೀಗಾಗಿ ಅಂಬಕ್ಕನ ಕೈಗಳೂ ರಾಯರ ಹನ್ನೊಂದು ಭಕ್ತಿ ಗುಂಪುಗಳಿಂದ ದಿನಾ ಬಂದು ಬೀಳುವ ದೇವರುಗಳೂ ಒಂದೇ ಪುಕ್ಕಟೆ ಜಾಗದಲ್ಲಿ ಕೂಡಿಬಾಳತೊಡಗಿದವು.

ಮೂರೂವರೆಗೆ ರಾಯರು ಮಠದಿಂದ ಊಟ ಮುಗಿಸಿ ಬಂದರು. ಚಪ್ಪಲಿ ಬಿಡುವುದಕ್ಕೂ ಗೋದಾ ಪುರುಸೊತ್ತು ಕೊಡಲಿಲ್ಲ.

"ಏನ್ರೀ, ನನ್ನ ವಿಡಿಯೋ ಎಲ್ಲಿ ಹ್ವಾದೂ?"

"ಯಾವ ವಿಡಿಯೋ?"

"ಅಂಬಕ್ಕನ್ವು."

"ಅಕ್ಕಂದು ಯಾವ ವಿಡಿಯೋನೂ ಇರಲಿಲ್ಲಲ್ಲ. ಇದ್ರ ನಾ ಯಾಕ ತಗೀತಿದ್ದೆ?" ಎಂದರು ರಾಯರು. ಆಮೇಲೆ ನೆನಪಿಸಿಕೊಂಡು, ಒಳ್ಳೆಯ ಕೆಲಸ ಮಾಡಿದವರಂತೆ ವಿವರಿಸಿದರು. "ತುಕಾರಾಮ ಮಹಾರಾಜರ ಪಾಲಖಿ ಬರೂ ಹಿಂದಿನ ದಿನ ಜಾಗಾ ತುಂಬ್ಯದ, ಜಾಗಾ ತುಂಬ್ಯದ ಅಂತ ಬರ್ಲಿಕ್ಕತ್ತಿತ್ತು. ಪಾಲಖಿ ಹ್ಯಾಂಗ ತಗೀಬೇಕು ಮತ್ತ? ಕೆಲಸಕ್ಕ ಬಾರದ್ದಷ್ಟು ತಗದು ಒಗದೆ."

"ಕೆಲಸಕ್ಕ ಬಾರದ್ದು ಅಂದ್ರ?"

"ಉದ್ದುದ್ದ ವಿಡಿಯೋ ಇದ್ವು. ಒಂದರಾಗೂ ಮಖಾ ಇಲ್ಲ. ಬರೇ ಕೈ. ನೀ ಫೋನ್ ಚಾಲೂ ಇಟ್ಟು ಮರತೀ ಅಂತ ತಿಳದೆ."

ಗೋದಾ ಹೊಸ್ತಿಲಿಗೇ ಅಡ್ಡ ನಿಂತಳು.

"ಯಾರ ಕೈ ಅಂತ ನೋಡಿದ್ರೇನು?"

"ಕೈ ನೋಡಿ ಯಾರದಂತ ಹ್ಯಾಂಗ ಗೊತ್ತಾಗಬೇಕು?"

"ನಾಕು ವರ್ಷದ ಕೂಸಿದ್ದಾಗಿಂದ ಆ ಕೈಲೆ ಉಂಡೀರಿ. ಅರವತ್ತು ವರ್ಷ ಉಂಡೀರಿ. ನನಗ ಗೊತ್ತಾಗ್ತದ, ನಿಮಗ ಗೊತ್ತಾಗಂಗಿಲ್ಲ?"

ಶುಭೋದಯ ಹೇಳುವ ಹನುಮಪ್ಪನನ್ನು ಅಳಿಸಲು ರಾಯರ ಬೆರಳು ಹೆದರಿತ್ತು. ಹಳೆಯ ಕ್ಯಾಲೆಂಡರಿನ ದೇವರನ್ನೇ ರದ್ದಿಗೆ ಹಾಕದೆ, ಮಡಿಚಿ ಅರಳಿಮರದ ಬುಡದಲ್ಲಿಟ್ಟು ಕೈಮುಗಿದು ಬರುವ ಮನುಷ್ಯ. ಫೋನಿಗೆ ಬಂದ ದೇವರಿಗೂ ಅದೇ ಮರ್ಯಾದೆ. ಒಂದೇ ಬೃಂದಾವನ, ಒಂದೇ ದಿನದ್ದು, ಹನ್ನೊಂದು ಗುಂಪಿನಿಂದ ಹನ್ನೊಂದು ಸಲ ಬಂದಿದ್ದರೆ ಹನ್ನೊಂದನ್ನೂ ಕಾಪಾಡಿಕೊಂಡು ಬಂದಿದ್ದರು. ಸಾಕಿದ ಅಕ್ಕನನ್ನು ಅಳಿಸುವಾಗ ಮಾತ್ರ ಒಂದು ಕ್ಷಣ ತಡೆದು ನೋಡುವ ವ್ಯವಧಾನ ಸಿಗಲಿಲ್ಲ!

ಗೋದಾ ಮಗಳಿಗೆ ಫೋನ್ ಹಚ್ಚಿದಳು. ನೀಲಿಮಾ ಮೀಟಿಂಗಿನಿಂದ ಎದ್ದು ಹೊರಗೆ ಬಂದು ಮಾತಾಡಿದಳು.

"ಅಮ್ಮಾ, ಮೊದಲ ಅಳೂದು ನಿಲ್ಲಸು."

"ಅಳ್ಳಿಕ್ಕತ್ತಿಲ್ಲ. ಸಿಟ್ಟು ಬಂದದ. ನಿನ್ನ ಮ್ಯಾಲೂ ಬಂದದ. ಮ್ಯಾಲೆ ಭದ್ರ ಅದ ಅಂದಿದ್ದೆಲ್ಲ?"

ನೀಲಿಮಾ ತಪ್ಪೊಪ್ಪಿಕೊಂಡಳು, ದಿನ ಎಣಿಸಿದಳು. ಅಳಿಸಿದ್ದು ಅರವತ್ತು ದಿನ ಕಸದ ಬುಟ್ಟಿಯಲ್ಲಿರುತ್ತದೆ, ಆಮೇಲೆ ದೇವರು ಬಂದರೂ ಸಿಗುವುದಿಲ್ಲ. ಪಾಲಖಿಯ ಹಿಂದಿನ ದಿನದಿಂದ ಎಣಿಸಿದರೆ ಐವತ್ತಾರು ದಿನ ಆಗಿತ್ತು. ಅಂಬಕ್ಕ ಐವತ್ತಾರು ದಿನ ಕಸದ ಬುಟ್ಟಿಯಲ್ಲಿದ್ದಳು ಎಂಬುದನ್ನು ಕೇಳಿ ಗೋದಾಗೆ ಸಮಾಧಾನವಾಗುವ ಬದಲು ಮತ್ತಷ್ಟು ರೇಗಿತು.

ಇನ್ನೊಂದು ತೊಡಕಿತ್ತು. ತಿರುಗಿ ತರಬೇಕೆಂದರೆ ಅಷ್ಟು ಜಾಗ ಖಾಲಿ ಇರಬೇಕು. ಅಂಬಕ್ಕ ಬಿಟ್ಟುಕೊಟ್ಟ ಜಾಗದಲ್ಲಿ ಪಾಲಖಿಯ ವಿಡಿಯೋ ಕೂತಿತ್ತು, ಅದರ ಮೇಲೆ ಶ್ರಾವಣದ ದೇವರುಗಳು ಬಂದು ಕೂತಿದ್ದರು. ಎಳ್ಳಷ್ಟೂ ಜಾಗ ಉಳಿದಿರಲಿಲ್ಲ.

"ಅದಕ್ಯಾಕ ಇಷ್ಟು ತ್ರಾಸ?" ಎಂದಳು ನೀಲಿಮಾ. "ತಿಂಗಳಿಗೆ ಇಷ್ಟು ಅಂತ ಕಟ್ಟಿದ್ರ ದೊಡ್ಡ ಜಾಗಾ ಕೊಡ್ತಾರ. ನಾ ಈಗಿಂದೀಗ ಕಟ್ತೀನಿ, ಎರಡು ನಿಮಿಷದ ಕೆಲಸ."

ಸ್ಪೀಕರಿನಲ್ಲಿ ಇದನ್ನು ಕೇಳಿ ರಾಯರ ಮುಖ ಅರಳಿತು. "ಹಾಂ, ಅದು ಬರೋಬ್ಬರಿ" ಎಂದರು.

ಹೂಂ ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಗೋದಾಗೆ ಆ ಅರಳಿದ ಮುಖ ನೋಡಿಯೇ ತಡೆಯಲಾಗಲಿಲ್ಲ. ಈ ಮನೆಯಲ್ಲಿ ಅಂಬಕ್ಕ ಮೂವತ್ತೆರಡು ವರ್ಷ ಮಲಗಿದ್ದು ಬಾಗಿಲ ಹಿಂದಿನ ಓಣಿಯಂಥ ಜಾಗದಲ್ಲಿ. ಬೆಳಗಿನ ಐದಕ್ಕೆ ಹಾಸಿಗೆ ಸುತ್ತಿಟ್ಟರೆ ಅಲ್ಲಿ ಯಾರಾದರೂ ಮಲಗಿದ್ದರೆಂಬ ಗುರುತೂ ಇರುತ್ತಿರಲಿಲ್ಲ. ಫ್ರಿಜ್ ಬಂದಾಗ ಆಕೆಯ ಟ್ರಂಕು ಬಾಲ್ಕನಿಗೆ ಹೋಯಿತು. ಕಂಪ್ಯೂಟರ್ ಬಂದಾಗ ಆಕೆ ಹೊಲೆಯಲು ಕೂಡುತ್ತಿದ್ದ ಕಿಟಕಿಯ ಬೆಳಕು ಹೋಯಿತು. ಬೀಗರು ಬಂದಾಗ ಅಡುಗೆಮನೆಯ ನೆಲವೇ ಗತಿ.

"ಬ್ಯಾಡ," ಎಂದಳು ಗೋದಾ. "ಈ ಮನ್ಯಾಗ ಎಲ್ಲಾರಿಗೂ ಜಾಗಾ ಮಾಡಿಕೊಡ್ಲಿಕ್ಕೆ ಸರದಾಕಿ ಅಂಬಕ್ಕ. ಈಗ ಒಂದ ಸಲ ಬ್ಯಾರೆಯವರು ಸರೀಲಿ. ಆಕಿಗೆ ಬ್ಯಾರೆ ಕಡೆ ಬಾಡಿಗಿ ಜಾಗಾ ಹಿಡಿಯೂದು ಬ್ಯಾಡ."

"ಅಂದ್ರ? ದೇವರನ್ನ ತಗೀಬೇಕೇನು?" ರಾಯರು ನಿಜವಾಗಿಯೂ ಗಾಬರಿಯಾದರು. "ಶ್ರಾವಣದಾಗ? ಗುರುವಾರ? ಏನ್ ಮಾತಾಡ್ತೀ ಗೋದಾ?"

"ದೇವ್ರು ದೇವರ ಮನ್ಯಾಗ ಇದ್ದಾನ, ಮಠದಾಗ ಇದ್ದಾನ, ನಾಳೆ ಮುಂಜಾನೆ ಮತ್ತ ಹನ್ನೊಂದು ಕಡಿಂದ ಬರ್ತಾನ. ಅಂಬಕ್ಕ ಹೋದ್ರ ಹ್ವಾದಳು."

"ಹಂಗಾರ ನೀನ ತಗಿ. ನನ್ನ ಕೈಲೆ ಆಗಂಗಿಲ್ಲ."

"ನಾ ಯಾಕ ತಗೀಲಿ? ಆಕಿನ್ನ ತಗದ ಬಟ್ಟು ನಿಮ್ಮದು. ಅದ ಬಟ್ಟಲೆ ತಗೀರಿ."

ಮೂವತ್ತೈದು ವರ್ಷದ ಸಂಸಾರದಲ್ಲಿ ಗೋದಾ ಗಂಡನಿಗೆ ಹೀಗೆ ಹೇಳಿದ್ದು ಅದೇ ಮೊದಲು.

ರಾಯರು ಎದ್ದುಹೋಗಿ ಎರಡನೆಯ ಸಲ ಸ್ನಾನ ಮಾಡಿದರು. ಮಡಿಯಲ್ಲಿ ಫೋನ್ ಮುಟ್ಟದ ಮನುಷ್ಯ ಮಡಿಪಂಜೆ ಉಟ್ಟು ಮಣೆಯ ಮೇಲೆ ಕೂತು ಫೋನ್ ಹಿಡಿದರು. ಒಂದೇ ಸಲಕ್ಕೆ ಎಲ್ಲವನ್ನೂ ಆರಿಸಿ ಅಳಿಸುವ ವಿಧಾನವನ್ನು ಮಗಳು ಹೇಳಿಕೊಟ್ಟಳು, ಅವರು ಕೇಳಲಿಲ್ಲ. ಒಂದೊಂದು ದೇವರಿಗೂ ತುಟಿಯಲ್ಲೇ ಏನೋ ಅಂದುಕೊಂಡು, ಕ್ಷಮೆ ಕೇಳಿ, ಆಮೇಲೆ ಒತ್ತಿದರು. ಬೇರೆ ದಿನವಾಗಿದ್ದರೆ ಗೋದಾಗೆ ನಗು ಬರುತ್ತಿತ್ತು, ಮರುಕವೂ ಬರುತ್ತಿತ್ತು. ಅವತ್ತು ಎರಡೂ ಬರಲಿಲ್ಲ. ಅವಳು ಎದುರಿಗೇ ಕುರ್ಚಿ ಹಾಕಿಕೊಂಡು, ಶಾಲೆಯ ಮಾಸ್ತರಂತೆ ಕಾವಲು ಕೂತಳು.

ದೀಪ ಹಚ್ಚುವ ಹೊತ್ತಿಗೆ ಸಾಕಷ್ಟು ಜಾಗವಾಯಿತು. ಎಲ್ಲಿ ಒತ್ತಬೇಕೆಂದು ನೀಲಿಮಾ ತಿರುಗಿ ಫೋನ್ ಮಾಡಿ ಹೇಳಿದಳು, ರಾಯರು ಒತ್ತಿದರು. ಒಂದೊಂದಾಗಿ ಮೂವತ್ತೊಂದೂ ಬಂದವು. ಗೋದಾ ಎರಡು ಸಲ ಎಣಿಸಿ ಫೋನ್ ತನ್ನ ಕೈಗೆ ತೆಗೆದುಕೊಂಡಳು.

"ನೋಡೋಣು, ಹಚ್ಚು ಒಂದು," ಎಂದರು ರಾಯರು. ರಾಜಿಯ ದನಿ ಅದು. ಗೋದಾ ಕೈಗೆ ಸಿಕ್ಕಿದ್ದನ್ನು ಹಚ್ಚಿ ನಡುವೆ ಇಟ್ಟಳು.

ಕಪ್ಪು ಬಟ್ಟೆ, ಕೆಂಪು ದಾರ. ಎರಡು ಕೈ. ಬಲಗೈಯ ತೋರುಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ದಡ್ಡುಗಟ್ಟಿತ್ತು. ಎಡಗೈಯ ಹೆಬ್ಬೆರಳ ಉಗುರು ಎಳೆಗಳನ್ನು ಒಂದೊಂದೇ ದಾಟುತ್ತ, ಮೆಲುದನಿಯ ಎಣಿಕೆಯ ಜೊತೆ ಮುಂದೆ ಹೋಗುತ್ತಿತ್ತು. ರಾಯರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಹದಿನೇಳು, ಹದಿನೆಂಟು ಎನ್ನುವಷ್ಟರಲ್ಲಿ ವಿಡಿಯೋದಲ್ಲೇ ಒಳಕೋಣೆಯಿಂದ ಗಂಡಸಿನ ದನಿ ಬಂತು.

"ಅಕ್ಕಾ, ಚಹಾ."

"ನಾ ಮಾಡ್ತೀನಿ, ನೀವು ಕೂಡ್ರಿ," ಎಂದಿತು ಗೋದಾಳ ದನಿ.

"ಇರ್ಲಿ ಬಿಡವಾ," ಎಂದಳು ಅಂಬಕ್ಕ. "ಅವಗ ನನ್ನ ಕೈದ ಆಗಬೇಕು."

ಕೈಗಳು ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ ಎದ್ದುಹೋದವು. ಆಮೇಲೆ ಬರೀ ಬಟ್ಟೆ. ಒಳಗೆಲ್ಲೋ ಪಾತ್ರೆ ಸದ್ದು, ನಲ್ಲಿಯ ಸದ್ದು. ರಾಯರು ಒಂದು ನಿಮಿಷ ಕಾದರು. ಆಮೇಲೆ ಮುಂದಕ್ಕೆ ಓಡಿಸಲು ಬೆರಳು ಚಾಚಿದರು.

"ಓಡಸಬ್ಯಾಡ್ರಿ," ಎಂದಳು ಗೋದಾ. "ಕೂತು ನೋಡ್ರಿ. ಎಲ್ಲಾದರಾಗೂ ಹಿಂಗ ಅದ."

ರಾಯರು ಕೈ ಹಿಂದಕ್ಕೆ ತೆಗೆದುಕೊಂಡರು. ಆರು ನಿಮಿಷ ಇಬ್ಬರೂ ಖಾಲಿ ಬಟ್ಟೆ ನೋಡುತ್ತ ಕೂತರು. ಆರು ನಿಮಿಷ ಎಷ್ಟು ಉದ್ದ ಎಂಬುದು ರಾಯರಿಗೆ ಅಂದು ಗೊತ್ತಾಗಿರಬೇಕು, ಎರಡು ಸಲ ಕಣ್ಣೊರೆಸಿಕೊಂಡರು. ಗೋದಾ ನೋಡಿಯೂ ನೋಡದವಳಂತೆ ಇದ್ದಳು.

ಕೈಗಳು ತಿರುಗಿ ಬಂದವು. ಇನ್ನೂ ಒದ್ದೆಯಿದ್ದವು, ಸೆರಗಿಗೆ ಒರೆಸಿಕೊಂಡವು. ಸೂಜಿ ಕಿತ್ತುಕೊಂಡ ಕೈ ಬಟ್ಟೆಯ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿತು. ಎಣಿಕೆ ಮರೆತುಹೋಗಿತ್ತು. ಹೆಬ್ಬೆರಳ ಉಗುರು ಬಟ್ಟೆಯ ಅಂಚಿಗೆ ಹೋಗಿ, ಒಂದು, ಎರಡು ಎಂದು ಮೊದಲ ಎಳೆಯಿಂದ ಎಣಿಸತೊಡಗಿತು.