ನರ್ಸಮ್ಮನ ಅಣ್ಣ

ಅರಸೀಕೆರೆಯಲ್ಲಿ ರೈಲಿಳಿದಾಗಲೂ ಹಡಗಿನ ತೂಗಾಟ ನನ್ನ ಮೈ ಬಿಟ್ಟಿರಲಿಲ್ಲ. ರಂಗೂನಿನ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತನಾಗಿದ್ದ ನಾನು ಎಷ್ಟೋ ವರ್ಷಗಳ ಮೇಲೆ ಊರಿಗೆ ಬಂದದ್ದು ಒಂದೇ ಕಾರಣಕ್ಕೆ: ವಿಧವೆ ತಂಗಿಯನ್ನು ನನ್ನ ಜೊತೆಗೆ ಕರೆದುಕೊಂಡು ಹೋಗಬೇಕೆಂದು. ನಾನು ದೇಶ ಬಿಟ್ಟಾಗ ಅವಳಿನ್ನೂ ಹುಡುಗಿ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಹಳೇಬೀಡಿನಲ್ಲಿ ಚಿಕ್ಕಪ್ಪನ ಮನೆಯ ಅಡಿಗೆಗೆ ನಿಲ್ಲಿಸಿದ್ದರು. ಚಿಕ್ಕಪ್ಪ ತೀರಿಕೊಂಡ ಮೇಲೆ ಅವಳು ಬೇಲೂರಿನ ಆಸ್ಪತ್ರೆಯಲ್ಲಿ ಏನೋ ಕೆಲಸಕ್ಕಿದ್ದಾಳೆಂದು ನೆಂಟರೊಬ್ಬರಿಂದ ತಿಳಿಯಿತು. ಕಸ ಗುಡಿಸುವ ಕೆಲಸವೇ ಇರಬೇಕೆಂದುಕೊಂಡು ಕೊರಗಿದ್ದೆ.

ಹಿಂದೆ ರಾತ್ರಿಯೆಲ್ಲ ಗಾಡಿಯಲ್ಲಿ ಕುಲುಕಾಡಿಕೊಂಡು ಹೋಗುತ್ತಿದ್ದ ದಾರಿಗೆ ಈಗ ಬಸ್ಸು ಬಂದಿತ್ತು. ಕೊಬ್ಬರಿ ಮೂಟೆಗಳ ನಡುವೆ ಮೊಣಕಾಲು ಮಡಚಿ ಕುಳಿತೆ. ಹಳೇಬೀಡಿನಲ್ಲಿ ಬಸ್ಸು ನಿಂತಾಗ ನಮ್ಮ ಬೀದಿ ಕಾಣಿಸಿತು. ಮೂಲೆಯಲ್ಲಿ ಒಂದು ಕಾಫಿ ಹೋಟೆಲು ಎದ್ದಿತ್ತು. ಇಳಿದು ನೋಡುವಷ್ಟು ತ್ರಾಣವಿರಲಿಲ್ಲ, ಮನಸ್ಸೂ ಬರಲಿಲ್ಲ.

ಬೇಲೂರಿನಲ್ಲಿ ಬಾಗಿಲು ತೆರೆದವಳನ್ನು ಮೊದಲು ಗುರುತೇ ಹಿಡಿಯಲಿಲ್ಲ. ಕೂದಲು ಬೆಳೆಸಿ ತುರುಬು ಕಟ್ಟಿದ್ದಳು. ಬಿಳಿ ಸೀರೆ, ಕಾಲಲ್ಲಿ ಚಪ್ಪಲಿ.

"ಅಣ್ಣಾ! ಎಷ್ಟು ಸೊರಗಿದ್ದೀಯಣ್ಣ!" ಎಂದು ನನ್ನ ಕೈ ಹಿಡಿದು ಒಳಗೆ ಕೂರಿಸಿದಳು.

ಅವಳಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಸಮಾಧಾನದ ಮಾತುಗಳಿಗೆ ಅಲ್ಲಿ ಜಾಗವೇ ಇರಲಿಲ್ಲ. ಆಸ್ಪತ್ರೆಯ ಲೇಡಿ ಡಾಕ್ಟರೊಬ್ಬರು ಅವಳನ್ನು ಹೆರಿಗೆ ಕೆಲಸ ಕಲಿಯಲು ಕಳಿಸಿದ್ದರಂತೆ. ಈಗ ಸುತ್ತಲಿನ ಹಳ್ಳಿಗಳಿಗೆಲ್ಲ ಇವಳೇ ನರ್ಸಮ್ಮ. ಅದನ್ನು ಹೇಳುತ್ತಲೇ ಎಲೆ ಹಾಕಿ ಅನ್ನ ಬಡಿಸಿದಳು. ನಾನು ತುತ್ತು ಕಲಸುವಷ್ಟರಲ್ಲಿ ಬಾಗಿಲಿಗೆ ಗಾಡಿ ಬಂತು.

"ಅಮ್ಮಾರೆ, ಗೆಂಡೆಹಳ್ಳಿಯಿಂದ ಬಂದಿವ್ನಿ. ನನ್ನ ಮಗಳಿಗೆ ಬೆಳಗಿನಿಂದ ನೋವು. ಕೂಸು ಅಡ್ಡಾಗೈತಂತೆ. ಬಿರ್ರನೆ ಬನ್ನಿ" ಎಂದ ಗಾಡಿಯವನು.

ಅವಳು ಚೀಲ ತೆಗೆದುಕೊಂಡಳು. ಒಬ್ಬಳನ್ನೇ ಕಳಿಸುವುದು ಹೇಗೆಂದು ನಾನೂ ಎದ್ದೆ. "ನೀನು ಮಲಕ್ಕೋ ಅಣ್ಣ, ನಂಗೆ ಅಭ್ಯಾಸ ಆಗಿದೆ" ಎಂದಳು. ಕೇಳದೆ ಗಾಡಿ ಹತ್ತಿದೆ.

ಗೆಂಡೆಹಳ್ಳಿಯ ಆ ಮನೆಯ ಜಗಲಿಯಲ್ಲಿ ಕಂಬಕ್ಕೊರಗಿ ಕುಳಿತೆ. ಒಳಗಿನ ನರಳಾಟದ ನಡುವೆ ತಂಗಿಯ ದನಿ ಗಟ್ಟಿಯಾಗಿ ಕೇಳುತ್ತಿತ್ತು: ನೀರು ತನ್ನಿ, ನೀವೆಲ್ಲ ಆಚೆ ನಡೀರಿ. ಮನೆಯ ಮುದುಕಿಯೊಬ್ಬಳು ಬಂದು ನನ್ನನ್ನು ದಿಟ್ಟಿಸಿ ನೋಡಿದಳು.

"ನೀವು ನರ್ಸಮ್ಮನ ಅಣ್ಣಾರಾ? ಇಷ್ಟು ದಿನ ಎಲ್ಲಿದ್ರಿ?"

"ರಂಗೂನಿನಲ್ಲಿ" ಎಂದೆ. ಅದು ಎಲ್ಲಿದೆಯೆಂದು ಅವಳು ಕೇಳಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ.

ಮಗು ಅತ್ತಾಗ ಬಿಸಿಲು ಇಳಿದಿತ್ತು. ತಾಯಿ ಮಗು ಇಬ್ಬರೂ ಉಳಿದಿದ್ದರು. ತಂಗಿ ಬೆವರು ಒರೆಸಿಕೊಳ್ಳುತ್ತ ಬಂದು ಜಗಲಿಯಲ್ಲಿ ಕುಳಿತು, ಅವರು ಕೊಟ್ಟ ಕಾಫಿಯನ್ನು ಕುಡಿದಳು. ನಮ್ಮ ಚಿಕ್ಕಪ್ಪನ ಮನೆಯಲ್ಲಿ ಬೆಳೆದವಳು ಒಕ್ಕಲಿಗರ ಮನೆಯ ಲೋಟಕ್ಕೆ ತುಟಿ ಹಚ್ಚಿ ಕುಡಿಯುವುದನ್ನು ನೋಡುತ್ತ, ನನ್ನ ಮುಂದಿಟ್ಟದ್ದನ್ನು ನಾನೂ ಎತ್ತಿಕೊಂಡೆ.

ವಾಪಸು ಬರುವಾಗ ಗಾಡಿಯಲ್ಲಿ ಹೇಳಿದೆ: "ನನ್ನ ಜೊತೆ ಬಂದುಬಿಡು. ನಿನಗೆ ಅಂತ ಒಂದು ಕೋಣೆ ಬಿಡಿಸಿಟ್ಟಿದೀನಿ."

ಅವಳು ಚೀಲವನ್ನು ಮಡಿಲಿಗೆ ಎಳೆದುಕೊಂಡಳು. "ನೀನು ಹೊರಟ ದಿನ ಕರೆದಿದ್ರೆ ಉಟ್ಟ ಸೀರೇಲೇ ಬಂದಿರ್ತಿದ್ದೆ ಅಣ್ಣ. ಈಗ ಹೇಗೆ ಬರ್ಲಿ? ಈ ಊರಲ್ಲೇ ಇನ್ನೂ ಇಬ್ಬರು ಬಸುರಿಯರು ಇದಾರೆ." ಆಮೇಲೆ ಮೆಲ್ಲಗೆ ಕೇಳಿದಳು: "ನೀನೇ ಬಂದುಬಿಡು. ಅಲ್ಲಿ ನಿಂಗೆ ಯಾರಿದಾರೆ?"

ಇಲ್ಲಿ ಬಂದು ನಾನೇನು ಮಾಡಲಿ? ಅಲ್ಲಿಯೂ ಯಾರೂ ಇಲ್ಲ. ಅವಳು ನನ್ನ ಭುಜಕ್ಕೊರಗಿ ನಿದ್ದೆಹೋದಳು.

ಮತ್ತೆ ಕೆಲವು ದಿನ ಬೇಲೂರಿನಲ್ಲಿದ್ದೆ. ಅವಳು ಮನೆಯಲ್ಲಿದ್ದದ್ದೇ ಕಡಿಮೆ. ನೀರು ಸೇದಿಟ್ಟು, ಅನ್ನ ಮಾಡಿಕೊಂಡು ಕಾಯುತ್ತಿದ್ದೆ. ಬೀದಿಯವರು ನನ್ನನ್ನೂ ಗೌರವದಿಂದ ಮಾತಾಡಿಸುತ್ತಿದ್ದರು. ಹೊರಡುವ ದಿನ ತಂಗಿ ಬಸ್ಸಿನವರೆಗೆ ಬಂದು, ಚಿತ್ರಾನ್ನದ ಗಂಟು ಕೈಗಿಟ್ಟು, ನನ್ನ ಕಾಲು ಮುಟ್ಟಿ ನಮಸ್ಕರಿಸಿದಳು.

ಅರಸೀಕೆರೆ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತವನಿಗೆ ಎಂಥ ನಿದ್ದೆ ಹತ್ತಿತೆಂದರೆ, ರೈಲು ಬಂದು ಹೋದದ್ದೂ ಗೊತ್ತಾಗಲಿಲ್ಲ. ಮುಂದಿನ ರೈಲು ಮರುದಿನ. ಬೇಲೂರಿನ ಬಸ್ಸು ಹೊರಗೆ ನಿಂತೇ ಇತ್ತು. ಹತ್ತಿದ್ದರೆ ಅವಳು ಖುಷಿಪಡುತ್ತಿದ್ದಳು. ಹತ್ತಲಿಲ್ಲ. ಮತ್ತೊಮ್ಮೆ ಅವಳನ್ನು ಬಿಟ್ಟು ಹೊರಟುಬರುವ ಶಕ್ತಿ ನನ್ನಲ್ಲಿರಲಿಲ್ಲ. ಚಿತ್ರಾನ್ನ ತಿಂದು, ಕೈ ತೊಳೆದು, ಅದೇ ಬೆಂಚಿನ ಮೇಲೆ ಮಲಗಿದೆ.